ಮುಚ್ಚಿಕೊಂಡಿರುವುದೇ ಮರುವಾಯಿಯ ಕೆಲಸ

ಮರುವಾಯಿ ಅಂದರೆ ನಮ್ಮ ಹೊಳೆಯಲ್ಲಿ ಸಿಗುವ ಒಂದು ಬಗೆಯ ಕಪ್ಪೆಚಿಪ್ಪಿನ ಪ್ರಾಣಿ. ಅದಕ್ಕೆ ಚಿಪ್ಪು ತೆರೆಯುವುದು ಕೆಲಸವೇ ಅಲ್ಲ. ಮುಚ್ಚಿಕೊಂಡಿರುವುದೇ ಅದರ ಕೆಲಸ. ಇದು ತಲೆಗೆ ಹೋದ ಮೇಲೆ ನನಗೆ ಅಡುಗೆಮನೆಯ ಎಷ್ಟೋ ವಿಷಯ ಒಟ್ಟಿಗೇ ಅರ್ಥವಾಯಿತು. ಮಾರ್ಕೆಟಿನಲ್ಲಿ ಯಾವುದನ್ನು ಆರಿಸಬೇಕು, ಬಾವಿನೀರಿನಲ್ಲಿ ಯಾಕೆ ನೆನೆಸಬಾರದು, ಬೇಯಿಸಿದಾಗ ಅದು ಯಾಕೆ ಬಾಯಿ ಬಿಡುತ್ತದೆ, ಎಲ್ಲದಕ್ಕೂ ಮೂಲ ಇಲ್ಲೇ ಇದೆ.

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ದಿನವಿಡೀ ಜನರ ಭುಜ, ಮಂಡಿ, ಸೊಂಟ ನೋಡುವ ಕೆಲಸ. ಗಂಡನ ಮನೆ ಮೂಲ್ಕಿ ಹತ್ತಿರ, ಶಾಂಭವಿ ಹೊಳೆಯ ಬದಿ. ಅತ್ತೆಯನ್ನು ನಾನು ಮಾಮಿ ಅಂತಲೇ ಕರೆಯುವುದು. ಮಾಮಿ ಸಣ್ಣ ಹುಡುಗಿಯಾಗಿದ್ದಾಗಿಂದ ಹೊಳೆಗೆ ಇಳಿದು ಮರುವಾಯಿ ಹೆಕ್ಕಿದವರು. ಮದುವೆಯಾಗಿ ಬಂದ ಮೇಲೆ ಅವರ ಪಕ್ಕ ಕುಳಿತು ಮೆಟ್ಟುಕತ್ತಿಯಲ್ಲಿ ಚಿಪ್ಪು ಬಿಡಿಸಲು ಕಲಿತೆ. ಹಾಗೆ ಬಿಡಿಸುವಾಗ ನನ್ನ ಕಣ್ಣು ಹೋಗುವುದು ಮಾಂಸಕ್ಕಲ್ಲ, ಅಲ್ಲಿರುವ ಸ್ನಾಯುಗಳಿಗೆ.

ಬೇರೆ ಊರಿನವರಿಗಾಗಿ ಒಂದು ಮಾತು. ನೀವು ಕಪ್ಪೆಚಿಪ್ಪು ಅನ್ನುತ್ತೀರಲ್ಲ, ಅದರಲ್ಲೇ ಹೊಳೆಯ ಅಳಿವೆಯಲ್ಲಿ ಸಿಗುವ, ತಿನ್ನುವ ಜಾತಿ ಇದು. ಕೊಂಕಣಿ ಮನೆಗಳಲ್ಲಿ ಖುಬೆ, ಕುಮಟಾ ಕಡೆ ಬಳಚು. ನಾನಿಲ್ಲಿ ಹೇಳುತ್ತಿರುವುದು ಮೆರೆಟ್ರಿಕ್ಸ್ ಕುಲದ್ದು. ನುಣುಪಾದ ದಪ್ಪ ಚಿಪ್ಪು, ಕಂದು ಮಿಶ್ರಿತ ಹಳದಿ ಬಣ್ಣ, ಹೆಚ್ಚುಕಮ್ಮಿ ಮೂರು ಮೂಲೆಯ ಆಕಾರ.

ನಮ್ಮ ಕೈಯನ್ನು ನೋಡಿ. ಮೊಣಕೈ ಮಡಚಲು ಮುಂದಿನ ಸ್ನಾಯು ಬೇಕು, ನೆಟ್ಟಗೆ ಮಾಡಲು ಹಿಂದಿನ ಸ್ನಾಯು ಬೇಕು. ನಮ್ಮ ಹೆಚ್ಚಿನ ಕೀಲುಗಳ ಕಥೆಯೂ ಹೀಗೇ. ಒಂದು ಕಡೆಗೆ ಎಳೆಯುವವರು ಇದ್ದರೆ ಇನ್ನೊಂದು ಕಡೆಗೆ ಎಳೆಯುವವರೂ ಇರಬೇಕು. ಮರುವಾಯಿಯಲ್ಲಿ ಮುಚ್ಚುವ ಸ್ನಾಯು ಇದೆ. ತೆರೆಯುವ ಸ್ನಾಯು ಇಲ್ಲವೇ ಇಲ್ಲ. ಹಾಗಾದರೆ ತೆರೆಯುವುದು ಯಾರು?

ಚಿಪ್ಪಿನ ಬೆನ್ನಿನ ಕಡೆ, ಎರಡು ಹೋಳು ಸೇರುವ ಜಾಗದಲ್ಲಿ, ಕಪ್ಪು ಕಂದು ಬಣ್ಣದ ಒಂದು ಸಣ್ಣ ಪಟ್ಟಿ ಕಾಣುತ್ತದೆ. ಅದೇ ಲಿಗಮೆಂಟ್. ಪ್ರೋಟೀನಿನಿಂದ ಆದದ್ದು, ಒಳಪದರದಲ್ಲಿ ಸುಣ್ಣದ ಅಂಶವೂ ಇರುತ್ತದೆ. ಚಿಪ್ಪು ಮುಚ್ಚಿದಾಗ ಇದರ ಹೊರಪದರ ಎಳೆತಕ್ಕೆ ಸಿಗುತ್ತದೆ, ಒಳಪದರ ಅದುಮಿಕೊಳ್ಳುತ್ತದೆ. ಎರಡಕ್ಕೂ ಮೊದಲಿನ ಸ್ಥಿತಿಗೆ ಮರಳುವ ಒತ್ತಡ. ಮುಚ್ಚುವ ಸ್ನಾಯು ಸ್ವಲ್ಪ ಸಡಿಲಬಿಟ್ಟರೆ ಸಾಕು, ಚಿಪ್ಪು ತಾನಾಗಿ ಅಗಲವಾಗುತ್ತದೆ. ಅದಕ್ಕೆ ಪ್ರಾಣಿಯ ಶಕ್ತಿ ಏನೂ ಖರ್ಚಾಗುವುದಿಲ್ಲ. ಆ ಶಕ್ತಿಯನ್ನು ಮುಚ್ಚುವಾಗಲೇ ಲಿಗಮೆಂಟಿನಲ್ಲಿ ತುಂಬಿಸಿ ಇಟ್ಟಾಗಿದೆ.

ಇದನ್ನು ಮನೆಯಲ್ಲೇ ನೋಡಬಹುದು. ಸಾರು ಮಾಡಿದ ದಿನ ಎರಡೂ ಹೋಳು ಕೂಡಿಕೊಂಡೇ ಇರುವ ಒಂದು ಚಿಪ್ಪನ್ನು ತೆಗೆದಿಡಿ. ಒಳಗೆ ಮಾಂಸ ಇರಬಾರದು, ಚಿಪ್ಪು ಇನ್ನೂ ಒದ್ದೆ ಇರಬೇಕು. ಬೆರಳಿನಲ್ಲಿ ಒತ್ತಿ ಮುಚ್ಚಿ, ಬಿಡಿ. ಚಟಕ್ಕನೆ ತೆರೆದುಕೊಳ್ಳುತ್ತದೆ. ಜೀವ ಹೋದರೂ ಲಿಗಮೆಂಟಿನ ಬಲ ಹೋಗುವುದಿಲ್ಲ. ಒಣಗಿದ ಮೇಲೆ ಮಾತ್ರ ಪೆಡಸಾಗಿ ಮುರಿದುಹೋಗುತ್ತದೆ. ಸಮುದ್ರ ದಂಡೆಯಲ್ಲಿ ನಮಗೆ ಸಿಗುವ ಚಿಪ್ಪುಗಳೆಲ್ಲ ಸಾಮಾನ್ಯವಾಗಿ ಒಂದೊಂದೇ ಹೋಳು ಇರುವುದು ಅದಕ್ಕೇ.

ನಮ್ಮ ದೇಹದ ಲಿಗಮೆಂಟುಗಳು ಹೆಚ್ಚಾಗಿ ಹೀಗೆ ಕೆಲಸ ಮಾಡುವುದಿಲ್ಲ. ಕೀಲು ಜಾರದಂತೆ ಹಿಡಿದಿಡುವುದೇ ಅವುಗಳ ಮುಖ್ಯ ಜವಾಬ್ದಾರಿ. ಆದರೆ ಬೆನ್ನುಮೂಳೆಯ ಒಳಗೆ ಲಿಗಮೆಂಟಮ್ ಫ್ಲೇವಮ್ ಅಂತ ಒಂದಿದೆ. ಹಳದಿ ಬಣ್ಣದ್ದು, ಬಹುಪಾಲು ಎಲಾಸ್ಟಿನ್. ನಾವು ಬಗ್ಗಿದಾಗ ಅದು ಹಿಗ್ಗುತ್ತದೆ, ಮತ್ತೆ ನೆಟ್ಟಗಾಗುವಾಗ ಸಹಾಯ ಮಾಡುತ್ತದೆ. ದನದ ಕತ್ತಿನಲ್ಲೂ ಇಂಥದ್ದೇ ದಪ್ಪ ಲಿಗಮೆಂಟ್ ಇದೆ. ಅಷ್ಟು ಭಾರದ ತಲೆಯನ್ನು ಎತ್ತಿ ಹಿಡಿಯಲು ದನಕ್ಕೆ ಆ ಲಿಗಮೆಂಟಿನ ಬಲ ನೆರವಾಗುತ್ತದೆ. ಮರುವಾಯಿಯ ಬೆನ್ನ ಮೇಲಿನ ಆ ಕಪ್ಪು ಪಟ್ಟಿ ನೋಡಿದಾಗೆಲ್ಲ ನನಗೆ ಇವೆರಡೂ ನೆನಪಾಗುತ್ತವೆ.

ಲಿಗಮೆಂಟಿನ ಪಕ್ಕದಲ್ಲೇ, ಒಳಬದಿಯಲ್ಲಿ, ಹಲ್ಲುಗಳಿವೆ. ಅಗಿಯುವ ಹಲ್ಲಲ್ಲ. ಒಂದು ಹೋಳಿನ ಉಬ್ಬು ಇನ್ನೊಂದು ಹೋಳಿನ ಗುಂಡಿಯೊಳಗೆ ಕೂರುತ್ತದೆ. ಎರಡು ಹೋಳು ಆಚೀಚೆ ಜಾರದಂತೆ ನೋಡಿಕೊಳ್ಳುವುದು ಇವೇ. ಬೆರಳ ತುದಿಯಿಂದ ಸವರಿ ನೋಡಿ, ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ತುಂಬಾ ಜನ ಚಿಪ್ಪಿಗೆ ಮೇಲಿನ ಹೋಳು, ಕೆಳಗಿನ ಹೋಳು ಅಂತ ಹೇಳುತ್ತಾರೆ. ಮರುವಾಯಿಯಲ್ಲಿ ಇರುವುದು ಎಡ ಮತ್ತು ಬಲ. ಪ್ರಾಣಿ ಮರಳಿನೊಳಗೆ ನಿಂತಿರುತ್ತದೆ, ಮಲಗಿರುವುದಿಲ್ಲ. ಎಡ ಯಾವುದು, ಬಲ ಯಾವುದು ಅಂತ ತಿಳಿಯುವುದು ಸುಲಭ. ಚಿಪ್ಪಿನ ಮೂತಿಯಂತಿರುವ ಉಬ್ಬು ಮೇಲೆ ಬರಲಿ, ಲಿಗಮೆಂಟ್ ನಿಮ್ಮ ಕಡೆ ಇರಲಿ. ಈಗ ನಿಮ್ಮ ಎಡಗೈ ಕಡೆಯದ್ದು ಎಡ ಹೋಳು. ಲಿಗಮೆಂಟ್ ಇರುವುದು ಪ್ರಾಣಿಯ ಹಿಂಭಾಗದಲ್ಲಿ. ಮುಂಭಾಗ ನಿಮ್ಮಿಂದ ಆಚೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಮುಚ್ಚುವ ಸ್ನಾಯುಗಳು ಎರಡು. ಒಂದು ಮುಂದೆ, ಒಂದು ಹಿಂದೆ. ಎಡ ಹೋಳಿನಿಂದ ಬಲ ಹೋಳಿಗೆ ಅಡ್ಡಲಾಗಿ ಕಟ್ಟಿಕೊಂಡಿರುತ್ತವೆ. ಖಾಲಿ ಚಿಪ್ಪಿನ ಒಳಗೆ ಎರಡು ನುಣುಪಾದ ಗುರುತು ಕಾಣುತ್ತದಲ್ಲ, ಅವು ಅಂಟಿಕೊಂಡಿದ್ದ ಜಾಗ ಅದು. ವೈಜ್ಞಾನಿಕವಾಗಿ ಇವೂ ಅಡಕ್ಟರ್ ಸ್ನಾಯುಗಳೇ, ನಮ್ಮ ತೊಡೆಯ ಒಳಬದಿಯವುಗಳ ಹಾಗೆ ಹತ್ತಿರಕ್ಕೆ ಎಳೆಯುವಂಥವು.

ಆ ಸ್ನಾಯುವನ್ನು ಸೂಕ್ಷ್ಮವಾಗಿ ನೋಡಿದರೆ ಎರಡು ಭಾಗ ಇದೆ. ಒಂದು ಸ್ವಲ್ಪ ಪಾರದರ್ಶಕ, ಇನ್ನೊಂದು ಅಚ್ಚ ಬಿಳಿ. ಪಾರದರ್ಶಕ ಭಾಗ ವೇಗದ್ದು. ಏಡಿ ಬಂದು ಮುಟ್ಟಿದರೆ ತಕ್ಷಣ ಮುಚ್ಚುವುದು ಅದು. ಬಿಳಿ ಭಾಗ ನಿಧಾನದ್ದು, ಆದರೆ ಒಮ್ಮೆ ಹಿಡಿಯಿತು ಅಂದರೆ ಬಿಡುವುದಿಲ್ಲ.

ಕ್ಲಿನಿಕ್ಕಿನಲ್ಲಿ ನಾನು ಭುಜದ ನೋವಿನವರಿಗೆ ಒಂದು ನೀರಿನ ಬಾಟ್ಲಿ ಕೊಟ್ಟು, ಕೈ ಮುಂದಕ್ಕೆ ಚಾಚಿ ಹಿಡಿಯಿರಿ ಅನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಕೈ ನಡುಗಲು ಶುರುವಾಗುತ್ತದೆ. ಬಾಟ್ಲಿ ಅಲ್ಲಾಡಿಲ್ಲ, ಕೆಲಸ ಏನೂ ಆದಂತೆ ಕಾಣುವುದಿಲ್ಲ, ಆದರೂ ಸ್ನಾಯು ಸುಸ್ತು. ಯಾಕೆಂದರೆ ಹಿಡಿದು ನಿಲ್ಲುವಾಗಲೂ ನಮ್ಮ ಸ್ನಾಯುವಿನ ಒಳಗೆ ಎಳೆಗಳು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಲೇ ಇರುತ್ತವೆ. ಪ್ರತಿ ಸಲವೂ ಇಂಧನ ಖರ್ಚು.

ಮರುವಾಯಿಯ ಬಿಳಿ ಭಾಗದಲ್ಲಿ ಹಾಗಾಗುವುದಿಲ್ಲ. ಒಮ್ಮೆ ಬಿಗಿದ ಮೇಲೆ ಎಳೆಗಳು ಒಂದಕ್ಕೊಂದು ಕಟ್ಟಿಕೊಂಡು ಹಾಗೇ ಉಳಿಯುತ್ತವೆ. ತುಂಬಾ ಕಡಿಮೆ ಇಂಧನದಲ್ಲಿ ಗಂಟೆಗಟ್ಟಲೆ, ಬೇಕಾದರೆ ದಿನಗಟ್ಟಲೆ ಹಿಡಿದಿಟ್ಟುಕೊಳ್ಳಬಹುದು. ಇದನ್ನು ಕ್ಯಾಚ್ ಸ್ಥಿತಿ ಅನ್ನುತ್ತಾರೆ. ಬಂಡೆಗೆ ಅಂಟಿಕೊಂಡು ಬೆಳೆಯುವ ನಮ್ಮ ಪಚ್ಚಿಲೆ ಚಿಪ್ಪಿನ ಹತ್ತಿರದ ಜಾತಿಗಳ ಸ್ನಾಯುವಿನಲ್ಲಿ ವಿಜ್ಞಾನಿಗಳು ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಟ್ವಿಚಿನ್ ಎಂಬ ದೊಡ್ಡ ಪ್ರೋಟೀನು ಇದಕ್ಕೆ ಮುಖ್ಯ. ಬಿಗಿ ಬಿಡಿಸಲು ನರದಿಂದ ಸೆರೊಟೊನಿನ್ ಬರಬೇಕು. ಹೌದು, ನಮ್ಮ ಮೆದುಳಿನಲ್ಲಿ ಇರುವ ಅದೇ ಸೆರೊಟೊನಿನ್. ನಾನು ಇದನ್ನು ಮೊದಲು ಓದಿದ ದಿನ ರೋಗಿಗಳಿಗೂ ಹೇಳಿದ್ದೇನೆ, ಮನೆಗೆ ಬಂದು ಮಾಮಿಗೂ ಹೇಳಿದ್ದೇನೆ. ಹಿಡಿದು ನಿಲ್ಲುವುದರಲ್ಲೇ ವಿಶ್ರಾಂತಿ ಸಿಗುವಂಥ ಸ್ನಾಯು ನಮಗೆ ಇದ್ದಿದ್ದರೆ ನನ್ನ ಕ್ಲಿನಿಕ್ಕಿಗೆ ಅರ್ಧ ಜನ ಬರುತ್ತಿರಲಿಲ್ಲ.

ಈಗ ಮಾರ್ಕೆಟಿಗೆ ಹೋಗೋಣ. ಬುಟ್ಟಿಯಲ್ಲಿ ಬಿಗಿಯಾಗಿ ಮುಚ್ಚಿದ ಮರುವಾಯಿ ಇದ್ದರೆ ಒಳಗಿನ ಸ್ನಾಯು ಬದುಕಿದೆ ಅಂತ ಅರ್ಥ. ಸ್ವಲ್ಪ ಬಾಯಿ ಬಿಟ್ಟದ್ದಿದ್ದರೆ ಮಾಮಿ ಅದನ್ನು ಉಗುರಿನಲ್ಲಿ ಕುಟ್ಟುತ್ತಾರೆ. ನಿಧಾನಕ್ಕೆ ಮುಚ್ಚಿಕೊಂಡರೆ ಬುಟ್ಟಿಗೆ ವಾಪಸ್. ಸುಮ್ನೆ ಇದ್ದರೆ, "ಅದು ಸತ್ತದ್ದು ಮಗಾ, ಬಿಸಾಡು." ಸತ್ತ ಮೇಲೆ ಹಿಡಿಯುವವರು ಯಾರೂ ಇಲ್ಲ, ಲಿಗಮೆಂಟ್ ಗೆದ್ದಿರುತ್ತದೆ. ಮಾಮಿ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಎರಡೆರಡನ್ನು ಕೈಯಲ್ಲಿ ಹಿಡಿದು ಒಂದಕ್ಕೊಂದು ತಾಗಿಸಿ ಶಬ್ದ ಕೇಳುತ್ತಾರೆ. ಖಾಲಿ ಚಿಪ್ಪಿನೊಳಗೆ ಕೆಸರು ತುಂಬಿ ಮುಚ್ಚಿಕೊಂಡದ್ದು ಇದ್ದರೆ ಶಬ್ದ ಮಂದ. ಅಂಥದ್ದೊಂದು ಪಾತ್ರೆಯಲ್ಲಿ ಬಾಯಿ ಬಿಟ್ಟರೆ ಇಡೀ ಸುಕ್ಕ, ಅಂದರೆ ತೆಂಗಿನತುರಿ ಹಾಕಿದ ನಮ್ಮ ಒಣ ಪದಾರ್ಥ, ಹಾಳು. ಹಲ್ಲಿಗೆ ಮರಳು ಸಿಕ್ಕ ಮೇಲೆ ಯಾರಿಗೂ ಊಟ ಸೇರುವುದಿಲ್ಲ.

ಮರಳಿನ ವಿಷಯ ಬಂತಲ್ಲ. ಚಿಪ್ಪಿನ ಒಳಗೋಡೆಗೆ ತಾಗಿಕೊಂಡು ತೆಳುವಾದ ಪೊರೆ ಇದೆ, ಮ್ಯಾಂಟಲ್. ಹಿಂಭಾಗದಲ್ಲಿ ಅದೇ ಪೊರೆ ಎರಡು ಕೊಳವೆಗಳಾಗಿದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನಡುವೆ ಕಿವಿರು. ಮೀನಿಗೆ ಕಿವಿರು ಮುಖ್ಯವಾಗಿ ಉಸಿರಾಡಲು. ಮರುವಾಯಿಗೆ ಅದೇ ಉಸಿರಾಟ, ಅದೇ ಊಟ. ಕಿವಿರಿನ ಮೇಲಿನ ಸೂಕ್ಷ್ಮ ರೋಮಗಳು ಸತತ ಬಡಿದು ನೀರನ್ನು ಎಳೆಯುತ್ತವೆ, ನೀರಲ್ಲಿ ತೇಲುವ ಪಾಚಿಯ ಕಣಗಳನ್ನು ಲೋಳೆಯಲ್ಲಿ ಹಿಡಿದು ಬಾಯಿಯ ಕಡೆ ಸಾಗಿಸುತ್ತವೆ. ತಲೆ ಇಲ್ಲ, ಕಚ್ಚುವ ಹಲ್ಲಿಲ್ಲ. ಬೇಡದ ಮಣ್ಣನ್ನು ಹೊಟ್ಟೆಗೆ ಹೋಗುವ ಮೊದಲೇ ಬೇರ್ಪಡಿಸಿ ಹೊರಗೆ ಹಾಕುತ್ತದೆ.

ಹಾಗಾಗಿ ಮರಳು ಬಿಡಿಸಬೇಕಾದರೆ ಅದು ಚಿಪ್ಪು ತೆರೆದು ನೀರು ಹಾಯಿಸಬೇಕು. ಸಿಹಿನೀರಿಗೆ ಹಾಕಿದರೆ ಅದು ಗಟ್ಟಿಯಾಗಿ ಮುಚ್ಚಿಕೊಂಡು ಕುಳಿತುಕೊಳ್ಳುತ್ತದೆ, ಮರಳು ಒಳಗೇ ಉಳಿಯುತ್ತದೆ. ಮಾಮಿ ಹೊಳೆಯಿಂದಲೇ ಕೊಡದಲ್ಲಿ ನೀರು ತರಿಸಿ ಅದರಲ್ಲಿ ನೆನೆಹಾಕುತ್ತಾರೆ. ಮಂಗಳೂರಿನ ಫ್ಲಾಟಿನಲ್ಲಿ ನಾನು ಕಲ್ಲುಪ್ಪು ಕರಗಿಸುತ್ತೇನೆ. ಕೆಲವು ಗಂಟೆ ಕತ್ತಲಲ್ಲಿ, ಅಲ್ಲಾಡಿಸದೆ ಇಟ್ಟರೆ ಪಾತ್ರೆಯ ತಳದಲ್ಲಿ ಮಣ್ಣು ಕಾಣುತ್ತದೆ.

ಬಿಡಿಸುವಾಗ ಕೆಲವರಿಗೆ ಹೊಟ್ಟೆಯ ಹತ್ತಿರ ಗಾಜಿನಷ್ಟು ಸ್ವಚ್ಛವಾದ, ಮೆತ್ತಗಿನ ಕಡ್ಡಿಯೊಂದು ಸಿಗುತ್ತದೆ. ಹುಳ ಅಂತ ಹೆದರಿ ಬಿಸಾಡುತ್ತಾರೆ. ಅದು ಹುಳವಲ್ಲ, ಹೊಟ್ಟೆಯ ಒಳಗೆ ತಿರುಗುತ್ತಾ ಇರುವ ಜೀರ್ಣದ ಕಡ್ಡಿ. ತಿರುಗುತ್ತಾ ಸವೆಯುತ್ತದೆ, ಸವೆಯುವಾಗ ಜೀರ್ಣರಸ ಬಿಡುತ್ತದೆ. ಕಪ್ಪು ಹಸಿರಾಗಿ ಕಾಣುವುದು ಜೀರ್ಣಗ್ರಂಥಿ. ಹೃದಯವೂ ಇದೆ, ಬೆನ್ನಿನ ಕಡೆ. ಅದರ ಮಧ್ಯದಿಂದಲೇ ಕರುಳು ಹಾದುಹೋಗುತ್ತದೆ. ಅನಾಟಮಿ ಓದಿದ ನನಗೆ ಇದನ್ನು ಅರಗಿಸಿಕೊಳ್ಳಲು ಸ್ವಲ್ಪ ಸಮಯ ಬೇಕಾಯಿತು.

ಹೊಳೆಯನ್ನೇ ಸೋಸಿ ತಿನ್ನುವ ಪ್ರಾಣಿ ಅಂದ ಮೇಲೆ ಹೊಳೆಯಲ್ಲಿ ಏನಿದೆಯೋ ಅದು ಅದರಲ್ಲೂ ಇರುತ್ತದೆ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಅಳಿವೆಯ ಮರುವಾಯಿ ತಿಂದವರಿಗೆ ವಿಷ ಏರಿತ್ತು. ಒಂದು ಬಗೆಯ ಸೂಕ್ಷ್ಮ ಪಾಚಿಯಿಂದ ಬರುವ ವಿಷ ಅದು. ನರದ ಸಂದೇಶವನ್ನೇ ತಡೆಯುತ್ತದೆ. ತುಟಿ ಜುಮ್ಮೆನ್ನುವುದರಿಂದ ಶುರುವಾಗಿ, ಜಾಸ್ತಿಯಾದರೆ ಉಸಿರಾಟದ ಸ್ನಾಯುವೇ ನಿಲ್ಲಬಹುದು. ಬೇಯಿಸಿದರೆ ಹೋಗುವುದಿಲ್ಲ. ಮರುವಾಯಿಗೆ ಅದರಿಂದ ಹೆಚ್ಚೇನೂ ತೊಂದರೆಯಿಲ್ಲ, ಹಾಗಾಗಿ ನೋಡಿ ಗುರುತಿಸಲೂ ಆಗುವುದಿಲ್ಲ. ಹೊಳೆಯ ನೀರಿನ ಬಣ್ಣ ವಿಚಿತ್ರವಾಗಿ ಕೆಂಪು, ಕಂದು ಆಗಿದ್ದರೆ ಆ ದಿನಗಳಲ್ಲಿ ಮರುವಾಯಿ ಬೇಡ. ಇದನ್ನು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಚರಂಡಿ ಸೇರುವ ಜಾಗದ ಮರುವಾಯಿಯೂ ಬೇಡ.

ಖಾಲಿ ಚಿಪ್ಪಿನ ಒಳಗೆ ಎರಡು ಸ್ನಾಯು ಗುರುತುಗಳನ್ನು ಸೇರಿಸುವ ಒಂದು ಗೆರೆ ಇದೆ. ಮ್ಯಾಂಟಲ್ ಅಂಟಿಕೊಂಡಿದ್ದ ಗೆರೆ. ಹಿಂಭಾಗದಲ್ಲಿ ಆ ಗೆರೆ ಸ್ವಲ್ಪ ಒಳಕ್ಕೆ ಬಾಗುತ್ತದೆ. ಕೊಳವೆಗಳನ್ನು ಒಳಗೆಳೆದುಕೊಳ್ಳುವ ಜಾಗ ಅದು. ಬಾಗು ಆಳವಾಗಿದ್ದರೆ ಕೊಳವೆ ಉದ್ದ, ಪ್ರಾಣಿ ಮರಳಿನಲ್ಲಿ ಆಳಕ್ಕೆ ಹೋಗುವಂಥದ್ದು. ಮೆರೆಟ್ರಿಕ್ಸಿನಲ್ಲಿ ಬಾಗು ತೀರಾ ಕಡಿಮೆ. ಕೊಳವೆ ಗಿಡ್ಡ, ಹಾಗಾಗಿ ಮೇಲ್ಮಟ್ಟದಲ್ಲೇ ಇರುತ್ತದೆ. ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತು ಹೆಂಗಸರು ಬರೀ ಪಾದದಿಂದ ತಡಕಿ ಮರುವಾಯಿ ಹುಡುಕುವುದು ಸಾಧ್ಯವಾಗಿರುವುದು ಇದರಿಂದಲೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಚೆನ್ನಾಗಿ ಇಳಿಯುತ್ತದೆ. ಆಗ ಹೊಳೆಯಲ್ಲಿ ಜನ ಜಾಸ್ತಿ. ಸಣ್ಣವು ಸಿಕ್ಕರೆ ಮಾಮಿ ಅಲ್ಲೇ ಬಿಡುತ್ತಾರೆ, ಪಕ್ಕದವರು ಬಿಡದಿದ್ದರೆ ಬೈಯುತ್ತಾರೆ ಕೂಡ. ಮರಳೆತ್ತುವವರಿಗೆ ಮಾತ್ರ ಅವರ ಬೈಗುಳ ತಾಗುವುದಿಲ್ಲ. ಮರುವಾಯಿ ಇರುವ ಮರಳನ್ನೇ ಎತ್ತಿಕೊಂಡು ಹೋದರೆ ಮತ್ತೆ ಅದು ಎಲ್ಲಿ ನಿಲ್ಲಬೇಕು? ಈ ಪ್ರಶ್ನೆ ನನ್ನನ್ನೂ ಕಾಡುತ್ತದೆ.

ಬಿಟ್ಟ ಸಣ್ಣ ಮರುವಾಯಿ ಮತ್ತೆ ಮರಳಿಗೆ ಇಳಿಯುವುದನ್ನು ಒಮ್ಮೆ ಕುಳಿತು ನೋಡಬೇಕು. ಅದರ ಕಾಲು ಒಂದೇ, ಮಾಂಸದ ಚಪ್ಪಟೆ ನಾಲಗೆಯಂಥದ್ದು. ಮೊದಲು ಚಿಪ್ಪು ಸ್ವಲ್ಪ ತೆರೆದು ಎರಡೂ ಬದಿಯ ಮರಳಿಗೆ ಒತ್ತಿಕೊಂಡು ನಿಲ್ಲುತ್ತದೆ. ಆ ಒತ್ತು ಲಿಗಮೆಂಟಿನದ್ದೇ. ಕಾಲು ಕೆಳಗೆ ಚಾಚುತ್ತದೆ. ಆಮೇಲೆ ಚಿಪ್ಪು ಫಕ್ಕನೆ ಮುಚ್ಚುತ್ತದೆ. ಒಳಗಿನ ನೀರು ಚಿಮ್ಮಿ ಸುತ್ತಲಿನ ಮರಳು ಸಡಿಲವಾಗುತ್ತದೆ, ಅದೇ ಹೊತ್ತಿಗೆ ರಕ್ತ ಕಾಲಿಗೆ ನುಗ್ಗಿ ತುದಿ ಊದಿಕೊಳ್ಳುತ್ತದೆ. ಊದಿದ ಕಾಲು ಮರಳಿನಲ್ಲಿ ಗಟ್ಟಿ ನಿಂತಿತು. ಈಗ ಬೇರೆ ಸ್ನಾಯುಗಳು ಚಿಪ್ಪನ್ನು ಕೆಳಗೆ ಎಳೆಯುತ್ತವೆ. ಮತ್ತೆ ತೆರೆ, ಚಾಚು, ಮುಚ್ಚು, ಎಳೆ. ನೋಡುತ್ತಿದ್ದಂತೆ ಮಾಯ.

ಚಿಪ್ಪು ಬೆಳೆಯುವುದು ಅಂಚಿನಲ್ಲಿ. ಮ್ಯಾಂಟಲಿನ ತುದಿ ಮೊದಲು ತೆಳ್ಳಗಿನ ಕಂದು ಹೊದಿಕೆ ಕಟ್ಟುತ್ತದೆ, ಅದರ ಒಳಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡಿಸುತ್ತದೆ. ಎಲ್ಲಕ್ಕಿಂತ ಹಳೆಯ ಭಾಗ ಮೇಲಿನ ಉಬ್ಬು, ಹೊಸದು ಕೆಳಗಿನ ಅಂಚು. ಹೊರಗಿನ ಸಾಲು ಗೆರೆಗಳು ಬೆಳವಣಿಗೆಯ ಗೆರೆಗಳು. ಬೆಳವಣಿಗೆ ನಿಂತು ಮತ್ತೆ ಶುರುವಾದ ಕಡೆ ಗೆರೆ ಎದ್ದು ಕಾಣುತ್ತದೆ. ಐಸ್‌ಲ್ಯಾಂಡ್ ಬಳಿ 2006ರಲ್ಲಿ ಸಿಕ್ಕ ಆರ್ಕ್ಟಿಕಾ ಎಂಬ ಕುಲದ ಚಿಪ್ಪಿನ ಗೆರೆ ಎಣಿಸಿ ಅದಕ್ಕೆ 507 ವರ್ಷ ಎಂದು 2013ರಲ್ಲಿ ಹೇಳಿದರು. ನಮ್ಮ ಮರುವಾಯಿಗೆ ಅಷ್ಟೆಲ್ಲ ಆಯಸ್ಸಿಲ್ಲ.

ಆಟಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ ಹೊಳೆ ಕೆಂಪಾಗಿ ತುಂಬಿ ಬಂದಾಗ ಅಳಿವೆಯ ನೀರಿನ ಉಪ್ಪು ಹೋಗಿಬಿಡುತ್ತದೆ. ಆಗ ಮರುವಾಯಿಗೆ ಇರುವ ದಾರಿ ಒಂದೇ, ಮುಚ್ಚಿಕೊಳ್ಳುವುದು. ಒಳಗೆ ಉಳಿದ ಆಮ್ಲಜನಕ ಬೇಗ ಮುಗಿಯುತ್ತದೆ. ಹೃದಯದ ಬಡಿತ ನಿಧಾನವಾಗುತ್ತದೆ. ಆಮ್ಲಜನಕ ಇಲ್ಲದೆಯೇ ಶಕ್ತಿ ತೆಗೆಯುವ ವಿಧಾನಕ್ಕೆ ಹೋಗುತ್ತದೆ. ನಾವು ಓಡಿ ಸುಸ್ತಾದಾಗ ಲ್ಯಾಕ್ಟಿಕ್ ಆಮ್ಲ ಅನ್ನುತ್ತೇವಲ್ಲ, ಇಲ್ಲಿ ಮುಖ್ಯವಾಗಿ ಸಕ್ಸಿನಿಕ್ ಆಮ್ಲ ಸೇರುತ್ತದೆ. ಈ ಆಮ್ಲವನ್ನು ಶಮನ ಮಾಡಲು ಪ್ರಾಣಿ ಬಳಸುವುದು ತನ್ನ ಚಿಪ್ಪನ್ನೇ. ಒಳಗೋಡೆಯಿಂದ ಸುಣ್ಣದ ಅಂಶ ಸ್ವಲ್ಪ ಸ್ವಲ್ಪ ಕರಗಿ ಆಮ್ಲವನ್ನು ಮುರಿಯುತ್ತದೆ. ಕಷ್ಟಪಟ್ಟು ಕಟ್ಟಿದ್ದನ್ನು ಉಳಿಯುವುದಕ್ಕಾಗಿ ಕರಗಿಸುತ್ತದೆ. ನೆರೆ ಬೇಗ ಇಳಿದರೆ ಬದುಕುತ್ತದೆ. ಉದ್ದಕ್ಕೆ ನಿಂತರೆ ರಾಶಿ ರಾಶಿ ಸಾಯುತ್ತವೆ.

ಇಷ್ಟೆಲ್ಲ ಬಿಗಿ ಇದ್ದರೂ ಒಬ್ಬ ವೈರಿಯ ಮುಂದೆ ಅದು ನಡೆಯುವುದಿಲ್ಲ. ಸಸಿಹಿತ್ಲು ದಂಡೆಯಲ್ಲಿ ಚಿಪ್ಪು ಹೆಕ್ಕುವ ಮಕ್ಕಳಿಗೆ ಉಬ್ಬಿನ ಹತ್ತಿರ ದುಂಡನೆಯ ತೂತು ಇರುವ ಚಿಪ್ಪುಗಳೆಂದರೆ ಇಷ್ಟ, ದಾರ ಪೋಣಿಸಬಹುದು. ಆ ತೂತು ಕೊರೆದದ್ದು ನಾಟಿಕಾ ಎಂಬ ಶಂಖದ ಹುಳ. ರಾಸಾಯನಿಕದಿಂದ ಚಿಪ್ಪನ್ನು ಮೆದುಮಾಡಿ, ಹಲ್ಲಿನ ಪಟ್ಟಿಯಿಂದ ಕೆರೆದು, ಒಳಗೆ ಸೊಂಡಿಲು ಇಳಿಸಿ ತಿನ್ನುತ್ತದೆ. ತೂತಿನ ಹೊರ ಅಂಚು ಅಗಲ, ಒಳ ಅಂಚು ಕಿರಿದು. ಅಷ್ಟು ಅಚ್ಚುಕಟ್ಟು. ಸ್ನಾಯುವಿನ ಜೊತೆ ಜಗ್ಗಾಟವೇ ಇಲ್ಲ.

ಕೊನೆಗೆ, ಕ್ಲಿನಿಕ್ಕಿನ ಗೆಳತಿಯರು ಕೇಳುತ್ತಲೇ ಇರುವ ಪ್ರಶ್ನೆ. ಬೇಯಿಸಿದ ಮೇಲೂ ಬಾಯಿ ಬಿಡದ ಮರುವಾಯಿಯನ್ನು ತಿನ್ನಬಹುದಾ? ಬಿಸಿಗೆ ಸ್ನಾಯುವಿನ ಪ್ರೋಟೀನು ಕೆಟ್ಟು ಚಿಪ್ಪಿನಿಂದ ಬಿಡುತ್ತದೆ, ಲಿಗಮೆಂಟ್ ತೆರೆಯುತ್ತದೆ. ಕೆಲವದರಲ್ಲಿ ಸ್ನಾಯು ಎರಡೂ ಬದಿ ಅಂಟಿಕೊಂಡೇ ಉಳಿಯುತ್ತದೆ, ಕೆಲವದರ ಲಿಗಮೆಂಟೇ ಹರಿದಿರುತ್ತದೆ. ಬಾಯಿ ಬಿಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಕೆಟ್ಟದ್ದು ಅಂತಲ್ಲ. ಕೆಟ್ಟದ್ದನ್ನು ಹಿಡಿಯಬೇಕಾದದ್ದು ಬೇಯಿಸುವ ಮೊದಲು, ಉಗುರಿನಲ್ಲಿ ಕುಟ್ಟುವಾಗ. ನಾನು ಅಂಥದ್ದನ್ನು ಇನ್ನೂ ಐದು ನಿಮಿಷ ಕುದಿಸಿ, ಪ್ರತ್ಯೇಕ ಬಟ್ಟಲಲ್ಲಿ ಕತ್ತಿಯಿಂದ ಬಿಡಿಸಿ, ಮೂಸಿ ನೋಡುತ್ತೇನೆ. ವಾಸನೆ ಸರಿ ಇದ್ದು ಕೆಸರಿಲ್ಲದಿದ್ದರೆ ಸುಕ್ಕಕ್ಕೆ. ಮಾಮಿ ಒಪ್ಪುವುದಿಲ್ಲ, "ಎಂತಕ್ಕೆ ಮಾರಾಯ್ತಿ ಒಂದು ಮರುವಾಯಿಗೆ ಅಷ್ಟು ಆಸೆ" ಅನ್ನುತ್ತಾರೆ. ಅವರು ಅಡುಗೆ ಮಾಡುವ ದಿನ ಅವು ತೆಂಗಿನ ಬುಡಕ್ಕೆ ಹೋಗುತ್ತವೆ.